‘ಮೂರು’ ಪದದಿಂದ ‘ಮ್’ ತೆಗೆದರೆ ಉಳಿಯುವುದೇನು?

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಂಗನವಾಡಿ ಮತ್ತು ಕಿರಿಯ ಪ್ರಾಥಮಿಕ ತರಗತಿಗಳ ಅಧ್ಯಾಪಕರು, ಮಕ್ಕಳ ರಕ್ಷಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಅಧ್ಯಾಪಿಕೆಯರೇ, ಅಧ್ಯಾಪಕರೇ, ಮಕ್ಕಳ ತಂದೆತಾಯಂದಿರೇ,

‘ಮೂರು’ ಎಂಬ ಪದದ ಮೊದಲ ಧ್ವನಿಯನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ ಎಂದು ಈಗಷ್ಟೇ ಕೇಳಿದೆ. ಹೆಚ್ಚಿನವರು ‘ರು’ ಎಂದಿರಿ. ಹಿಂದಿನ ಸಾಲಿನಿಂದ ಒಬ್ಬರು ತುಸು ತಡೆದು ‘ಊರು’ ಎಂದರು. ‘ರು’ ಎಂದವರು ಪದವನ್ನು ಬರೆದ ಹಾಗೆ ನೋಡಿದರು: ಮೂ, ರು. ಅದರಲ್ಲಿ ಒಂದನ್ನು ತೆಗೆದರು. ‘ಊರು’ ಎಂದವರು ಪದವನ್ನು ಕಿವಿಯಿಂದ ಕೇಳಿದರು: ಮ್, ಊ, ರ್, ಉ. ಅದರಲ್ಲಿ ಒಂದನ್ನು ತೆಗೆದರು. ಇಬ್ಬರೂ ಕನ್ನಡ ಚೆನ್ನಾಗಿ ಓದಬಲ್ಲವರೇ. ಆದರೆ ಓದಲು ಕಲಿಯುತ್ತಿರುವ ಐದಾರು ವರ್ಷದ ಮಗುವಿಗೆ ಈ ಎರಡನೆಯ ಬಗೆಯ ಕಿವಿ ಇದ್ದರೆ ದಾರಿ ಎಷ್ಟೋ ಹಗುರವಾಗುತ್ತದೆ. ಆ ಕಿವಿ ತಾನಾಗಿ ಬರುವುದಿಲ್ಲ, ಕಲಿಸಬೇಕು. ಅದನ್ನು ಕಲಿಸುವ ಕೆಲಸವನ್ನು ನಾವು ಪ್ರೌಢಶಾಲೆಯ ಸಂಧಿ ಪಾಠದವರೆಗೆ ಮುಂದೂಡುತ್ತಾ ಬಂದಿದ್ದೇವೆ. ‘ಊರು + ಅಲ್ಲಿ = ಊರಲ್ಲಿ, ಇಲ್ಲಿ ಉಕಾರ ಲೋಪ’ ಎಂದು ಎಂಟನೇ ತರಗತಿಯಲ್ಲಿ ಹೇಳಿಕೊಡುವಾಗ ‘ರು’ವಿನ ಒಳಗೊಂದು ಉಕಾರವಿದೆ ಎಂಬ ಸಂಗತಿ ಎಷ್ಟೋ ಮಕ್ಕಳಿಗೆ ಮೊದಲ ಬಾರಿಗೆ ತಿಳಿಯುತ್ತದೆ. ಅದು ತಿಳಿಯಬೇಕಾದದ್ದು ಒಂದನೇ ತರಗತಿಯಲ್ಲಿ, ಕಾಗುಣಿತ ಶುರುವಾಗುವ ಹೊತ್ತಿಗೆ.

ನಮ್ಮ ಲಿಪಿ ಇಲ್ಲಿ ಒಂದು ರೀತಿಯಲ್ಲಿ ಉಪಕಾರಿ, ಇನ್ನೊಂದು ರೀತಿಯಲ್ಲಿ ತೊಡಕು. ಮಗು ಬಾಯಲ್ಲಿ ಆಡುವ ತುಂಡುಗಳಿಗೂ ನಾವು ಬರೆಯುವ ಅಕ್ಷರಗಳಿಗೂ ಬಹುಮಟ್ಟಿಗೆ ಹೊಂದಾಣಿಕೆಯಿದೆ. ‘ಗಿಣಿ’ ಎಂದರೆ ಎರಡು ತುಂಡು, ಎರಡು ಅಕ್ಷರ. ನಾಲ್ಕು ವರ್ಷದ ಮಗು ಕೈತಟ್ಟಿ ಇದನ್ನು ಎಣಿಸುತ್ತದೆ. ಮಕ್ಕಳು ತಮ್ಮೊಳಗೆ ಗುಟ್ಟಿನ ಭಾಷೆ ಕಟ್ಟಿಕೊಂಡು ಪ್ರತಿ ಅಕ್ಷರದ ಹಿಂದೆ ಒಂದು ‘ಕ’ ಸೇರಿಸಿ ಮಾತನಾಡುವುದನ್ನು ಕೇಳಿದ್ದೀರಿ. ಅಕ್ಷರದ ಮಟ್ಟದಲ್ಲಿ ಪದ ಒಡೆಯುವುದು ಅವರಿಗೆ ಆಟ. ತೊಡಕು ಅದರ ಮುಂದಿನ ಹೆಜ್ಜೆಯಲ್ಲಿದೆ. ‘ಕಿ’ ಎಂಬ ಒಂದೇ ಆಕಾರದೊಳಗೆ ಎರಡು ಧ್ವನಿಗಳಿವೆ, ‘ಸ್ತ್ರೀ’ ಎಂಬ ಒಂದೇ ಅಕ್ಷರದೊಳಗೆ ನಾಲ್ಕು. ಅವು ಬೇರೆಬೇರೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಇದರ ಭಾರ ಎಷ್ಟೆಂದು ಲೆಕ್ಕ ಹಾಕಿ ನೋಡಿ. ವರ್ಣಮಾಲೆಯಲ್ಲಿ 13 ಸ್ವರ, 34 ವ್ಯಂಜನ, 2 ಯೋಗವಾಹ, ಒಟ್ಟು 49. ಕಾಗುಣಿತದಲ್ಲಿ ಒಂದು ವ್ಯಂಜನಕ್ಕೆ ‘ಕ’ದಿಂದ ‘ಕಃ’ವರೆಗೆ 15 ರೂಪ. 34 ವ್ಯಂಜನಗಳಿಗೆ 510. ಒತ್ತಕ್ಷರ ಇನ್ನೂ ಬಂದೇ ಇಲ್ಲ. ‘ಕಿ’, ‘ಮಿ’, ‘ಸಿ’ ಮೂರರಲ್ಲೂ ಇರುವುದು ಒಂದೇ ‘ಇ’ ಎಂದು ಕೇಳಿಸಿಕೊಂಡ ಮಗುವಿಗೆ ಕಲಿಯಬೇಕಾದದ್ದು ಐವತ್ತರ ಆಸುಪಾಸು. ಕೇಳಿಸದ ಮಗುವಿಗೆ ಐನೂರಕ್ಕೂ ಮಿಕ್ಕಿದ ಚಿತ್ರಗಳ ಬಾಯಿಪಾಠ. ಎರಡನೆಯ ಮಗು ದಡ್ಡ ಎಂದು ನಾವು ತೀರ್ಮಾನಿಸುತ್ತೇವೆ. ವಾಸ್ತವದಲ್ಲಿ ಅದು ಹತ್ತುಪಟ್ಟು ಹೆಚ್ಚು ದುಡಿಯುತ್ತಿದೆ.

ಕನ್ನಡ ಮಕ್ಕಳ ಆರಂಭಿಕ ಓದಿನ ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಇಲ್ಲಿ ಅಕ್ಷರ ಕಲಿಕೆ ಮೊದಲೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಒಂಟಿ ಧ್ವನಿಯ ಅರಿವು ಮಕ್ಕಳಲ್ಲಿ ಬಹಳ ನಿಧಾನವಾಗಿ ಮೂಡುತ್ತದೆ. ಇದು ಕನ್ನಡದ ಮಕ್ಕಳ ಕೊರತೆಯಲ್ಲ. ಅಮೆರಿಕದಲ್ಲಿ ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು 1974ರಲ್ಲಿ ಮಕ್ಕಳಿಗೆ ಮೇಜು ಕುಟ್ಟಿ ಎಣಿಸಲು ಹೇಳಿದಾಗ, ನಾಲ್ಕರ ಹರೆಯದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಪದದ ದೊಡ್ಡ ತುಂಡುಗಳನ್ನು ಸರಿಯಾಗಿ ಎಣಿಸಿದರು. ಬಿಡಿ ಧ್ವನಿಗಳನ್ನು ಎಣಿಸಬಲ್ಲ ಮಗು ಅವರಲ್ಲಿ ಒಂದೂ ಇರಲಿಲ್ಲ. ಒಂದನೇ ತರಗತಿಯ ಕೊನೆಗೆ ನೂರಕ್ಕೆ ಎಪ್ಪತ್ತು ಮಕ್ಕಳು ಅದನ್ನೂ ಮಾಡಿದರು. ನಡುವೆ ನಡೆದದ್ದು ಓದಿನ ಪಾಠ.

ವಯಸ್ಸಾದರೆ ತಾನಾಗಿ ಬರುತ್ತದೆ ಎನ್ನುವವರಿಗೆ ಪೋರ್ಚುಗಲ್ಲಿನ ಒಂದು ಅಧ್ಯಯನವನ್ನು ನೆನಪಿಸುತ್ತೇನೆ. 1979ರಲ್ಲಿ ಜೋಸೆ ಮೊರಾಯಿಸ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಾಡಿನ ಅನಕ್ಷರಸ್ಥ ವಯಸ್ಕರಿಗೆ ನಾನು ನಿಮಗೆ ಕೇಳಿದಂತಹ ಪ್ರಶ್ನೆಗಳನ್ನೇ ಕೇಳಿದರು: ಮೊದಲ ಧ್ವನಿ ತೆಗೆಯಿರಿ, ಮೊದಲಿಗೊಂದು ಧ್ವನಿ ಸೇರಿಸಿ. ಬಹುಪಾಲು ಮಂದಿಗೆ ಆಗಲಿಲ್ಲ. ಅದೇ ಬಗೆಯ ಊರುಗಳಿಂದ ಬಂದು, ದೊಡ್ಡವರಾದ ಮೇಲೆ ಓದು ಕಲಿತವರಿಗೆ ಆಯಿತು. 1986ರಲ್ಲಿ ಚೀನಾದಿಂದಲೂ ಇದೇ ತೆರನಾದ ವರದಿ ಬಂತು. ಚೀನೀ ಚಿತ್ರಾಕ್ಷರ ಮಾತ್ರ ಬಲ್ಲ ಓದುಗರಿಗೆ ಬಿಡಿ ಧ್ವನಿಯನ್ನು ಕೂಡಿಸುವುದು, ಕಳೆಯುವುದು ಕಷ್ಟವಾಯಿತು. ಪಿನ್‌ಯಿನ್ ಎಂಬ ಧ್ವನಿಲಿಪಿಯನ್ನೂ ಕಲಿತಿದ್ದವರಿಗೆ ಸಲೀಸಾಯಿತು. ಯಾವುದನ್ನು ಕಲಿಸಿದ್ದೇವೆಯೋ ಆ ಮಟ್ಟಕ್ಕೆ ಕಿವಿ ತೆರೆದುಕೊಳ್ಳುತ್ತದೆ.

ಬಿಡಿ ಧ್ವನಿ ಹಿಡಿಯುವುದು ಇಷ್ಟು ಕಷ್ಟವೇಕೆ? ಉತ್ತರ ನಿಮ್ಮ ಬಾಯಲ್ಲೇ ಇದೆ. ಪಕ್ಕದವರ ಮುಖ ನೋಡುತ್ತಾ ‘ಕು’ ಎನ್ನಲು ಹೊರಡಿ, ಆದರೆ ಹೇಳಬೇಡಿ, ಅಲ್ಲೇ ನಿಲ್ಲಿ. ತುಟಿ ಆಗಲೇ ಮುಂದೆ ಚಾಚಿ ದುಂಡಗಾಗಿದೆ. ಈಗ ‘ಕಿ’ ಎನ್ನಲು ಹೊರಡಿ. ತುಟಿ ಹಿಗ್ಗಿದೆ. ‘ಕ್’ ಇನ್ನೂ ಹೊರಬಂದಿಲ್ಲ, ‘ಉ’ ಮತ್ತು ‘ಇ’ ಆಗಲೇ ಬಾಯಲ್ಲಿ ಸಿದ್ಧವಾಗಿ ನಿಂತಿವೆ. ನಾವು ಮಾತನಾಡುವಾಗ ಧ್ವನಿಗಳು ಮಣಿಗಳ ಸರದಂತೆ ಒಂದಾದ ಮೇಲೊಂದು ಬರುವುದಿಲ್ಲ. ಒಂದರ ಮೇಲೊಂದು ಹರಡಿಕೊಂಡೇ ಬರುತ್ತವೆ. ಗಾಳಿಯಲ್ಲಿ ಬೆರೆತುಹೋಗಿರುವುದನ್ನು ಮಗು ಮನಸ್ಸಿನಲ್ಲಿ ಬಿಡಿಸಬೇಕು. ಅದಕ್ಕೇ ಈ ಪಾಠಕ್ಕೆ ಪುಸ್ತಕಕ್ಕಿಂತ ಕನ್ನಡಿ ಹೆಚ್ಚು ಉಪಯುಕ್ತ. ತರಗತಿಯಲ್ಲಿ ಒಂದು ಕೈಗನ್ನಡಿ ಇಟ್ಟುಕೊಳ್ಳಿ. ‘ಪ್’ ಎನ್ನುವಾಗ ತುಟಿ ಮುಚ್ಚುತ್ತದೆ, ‘ತ್’ ಎನ್ನುವಾಗ ನಾಲಗೆ ಹಲ್ಲಿಗೆ ತಾಗುತ್ತದೆ, ‘ಮ್’ ಎನ್ನುವಾಗ ಮೂಗಿನ ಮೇಲಿಟ್ಟ ಬೆರಳಿಗೆ ನಡುಕ ತಿಳಿಯುತ್ತದೆ. ಮಕ್ಕಳು ಇದನ್ನು ಎಷ್ಟು ಖುಷಿಯಿಂದ ಮಾಡುತ್ತಾರೆ ಎಂಬುದನ್ನು ಮಾಡಿಸಿಯೇ ನೋಡಬೇಕು.

ತರಗತಿಯಲ್ಲಿ ನಡೆಯುವ ಒಂದು ಚಿಕ್ಕ ಘಟನೆಯನ್ನು ಹತ್ತಿರದಿಂದ ನೋಡೋಣ. ‘ಮ’ದಿಂದ ಶುರುವಾಗುವ ಪದ ಹೇಳಿ ಎಂದು ಟೀಚರ್ ಕೇಳುತ್ತಾರೆ. ಮರ, ಮನೆ, ಮಳೆ ಎಂದು ಮಕ್ಕಳು ಕೂಗುತ್ತಾರೆ. ಒಂದು ಮಗು ‘ಮೀನು’ ಎನ್ನುತ್ತದೆ. ‘ಅಲ್ಲ, ಅದು ಮೀ’ ಎಂದು ಟೀಚರ್ ತಿದ್ದುತ್ತಾರೆ. ಇಡೀ ತರಗತಿಯಲ್ಲಿ ಅಕ್ಷರದ ಒಳಗಿನ ‘ಮ್’ ಕೇಳಿಸಿಕೊಂಡದ್ದು ಆ ಒಂದೇ ಮಗು. ತಪ್ಪು ಎನಿಸಿಕೊಂಡದ್ದೂ ಅದೇ. ಆ ಮಗು ಮುಂದೆ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ನನ್ನ ವಿನಂತಿ ಇಷ್ಟೆ: ‘ಮೀನು’, ‘ಮುಳ್ಳು’, ‘ಮೊಲ’, ‘ಮೇಕೆ’ ಎಲ್ಲವನ್ನೂ ಒಪ್ಪಿಕೊಳ್ಳಿ. ಒಪ್ಪಿಕೊಂಡು, ‘ಈ ಎಲ್ಲ ಪದಗಳಲ್ಲಿ ತುಟಿ ಮೊದಲು ಏನು ಮಾಡುತ್ತದೆ?’ ಎಂದು ಉಳಿದವರನ್ನು ಕೇಳಿ. ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಕಾಗುಣಿತದ ಪಟ್ಟಿಯನ್ನು ನಾವು ಅಡ್ಡಸಾಲಿನಲ್ಲಿ ರಾಗವಾಗಿ ಹೇಳಿಸುತ್ತೇವೆ: ಕ, ಕಾ, ಕಿ, ಕೀ. ರಾಗ ಬಾಯಿಗೆ ಬರುತ್ತದೆ, ಆದರೆ ನಡುವಿನ ‘ಕೂ’ ಮೇಲೆ ಬೆರಳಿಟ್ಟು ಕೇಳಿದರೆ ಮಗು ಮೊದಲಿನಿಂದ ಹಾಡಿಕೊಂಡು ಬರಬೇಕಾಗುತ್ತದೆ. ಅದೇ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿಸಿ ನೋಡಿ: ಕಿ, ಗಿ, ಚಿ, ನಿ, ಮಿ, ಸಿ. ಬದಲಾಗದೆ ಉಳಿಯುವ ‘ಇ’ ಕಿವಿಗೆ ಬೀಳುತ್ತದೆ, ಬದಲಾಗದ ಗುಡಿಸು ಕಣ್ಣಿಗೆ ಬೀಳುತ್ತದೆ. ಒಂದೇ ಪಟ್ಟಿ, ಓದುವ ದಿಕ್ಕು ಮಾತ್ರ ಬೇರೆ.

ಇನ್ನು ಬಿಡಿಸುವ ಅಭ್ಯಾಸ. ರಷ್ಯಾದ ಮನೋವಿಜ್ಞಾನಿ ಡಿ. ಬಿ. ಎಲ್ಕೋನಿನ್ ಬಳಕೆಗೆ ತಂದ ವಿಧಾನವೊಂದು ಇಂದು ಜಗತ್ತಿನ ಅನೇಕ ಕಡೆ ಬಳಕೆಯಲ್ಲಿದೆ. ಒಂದು ಚಿತ್ರ, ಅದರ ಕೆಳಗೆ ಪದದಲ್ಲಿ ಎಷ್ಟು ಧ್ವನಿಗಳಿವೆಯೋ ಅಷ್ಟು ಮನೆಗಳು. ಮಗು ಪದವನ್ನು ನಿಧಾನವಾಗಿ ಹೇಳುತ್ತಾ ಒಂದೊಂದು ಧ್ವನಿಗೆ ಒಂದೊಂದು ಬಿಲ್ಲೆಯನ್ನು ಮನೆಯೊಳಗೆ ತಳ್ಳುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಬೇಕಾದ ಸಲಕರಣೆ ಹಿಂದಿನಿಂದಲೇ ಇದೆ. ಅಟ್ಟದಲ್ಲಿರುವ ಚೆನ್ನೆಮಣೆಯನ್ನು ಕೆಳಗಿಳಿಸಿ. ಒಂದು ಸಾಲಿಗೆ ಏಳು ಗುಳಿಗಳು. ಪುಟ್ಟ ಮಕ್ಕಳ ಪದಗಳಿಗೆ ಅಷ್ಟು ಧಾರಾಳ. ಹುಣಸೆ ಬೀಜ ಹಿಡಿದುಕೊಂಡು ‘ಮೀನು’ ಎನ್ನಿಸಿ: ಮ್ ಎನ್ನುವಾಗ ಒಂದು ಬೀಜ, ಈ ಎನ್ನುವಾಗ ಇನ್ನೊಂದು, ನ್, ಉ. ನಾಲ್ಕು ಗುಳಿ ತುಂಬಿದವು. ಬರೆದರೆ ಎರಡೇ ಅಕ್ಷರ, ಗುಳಿಯಲ್ಲಿ ನಾಲ್ಕು ಬೀಜ. ಈ ವ್ಯತ್ಯಾಸವನ್ನು ಮಗು ಬೆರಳಿನಲ್ಲಿ ಮುಟ್ಟಿ ತಿಳಿಯುತ್ತದೆ. ಅಂಗನವಾಡಿಯ ಚಿಕ್ಕ ಮಕ್ಕಳಿಗೆ ಬೀಜ ಕೊಡಬೇಡಿ, ಮೂಗಿಗೆ ಹಾಕಿಕೊಳ್ಳುವುದುಂಟು. ಅವರಿಗೆ ನೆಲದಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಬಾಟಲಿಯ ದೊಡ್ಡ ಮುಚ್ಚಳಗಳನ್ನು ಕೊಡಿ, ಅಥವಾ ಅವರನ್ನೇ ಮನೆಯಿಂದ ಮನೆಗೆ ಹಾರಿಸಿ.

ಪದಗಳ ಆಯ್ಕೆಯಲ್ಲಿ ಎಚ್ಚರ ಬೇಕು. ಒಂದೇ ಅಕ್ಷರದ ಪದಗಳಿಂದ ತೊಡಗಿ: ನೀ, ಬಾ, ತಾ, ಹೂ. ಎಳೆಯಬಹುದಾದ ವ್ಯಂಜನಗಳು ಮೊದಲು ಬರಲಿ. ‘ಸ್’, ‘ಮ್’, ‘ನ್’, ‘ಲ್’, ‘ಶ್’ ಇವುಗಳನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು, ಹಾಗಾಗಿ ಮಗುವಿಗೆ ಕೇಳಿಸಿಕೊಳ್ಳಲು ಸಮಯ ಸಿಗುತ್ತದೆ. ‘ಕ್’, ‘ತ್’, ‘ಪ್’, ‘ಟ್’ ಹುಟ್ಟಿದೊಡನೆ ಮುಗಿಯುತ್ತವೆ, ಅವು ಆಮೇಲೆ. ಅಧ್ಯಾಪಕರು ‘ಮ್’ ಎನ್ನುವಲ್ಲಿ ‘ಮ’ ಎಂದುಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ‘ಮ, ಈ’ ಎಂದು ಎಷ್ಟು ಬಾರಿ ಹೇಳಿದರೂ ‘ಮೀ’ ಆಗುವುದಿಲ್ಲ. ತುಟಿ ಮುಚ್ಚಿಕೊಂಡೇ ‘ಮ್‌ಮ್‌ಮ್’ ಎನ್ನುವುದನ್ನು ನಾವು ದೊಡ್ಡವರು ಮೊದಲು ಅಭ್ಯಾಸ ಮಾಡಬೇಕು.

ಒತ್ತಕ್ಷರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಮಕ್ಕಳು ಎಡವುವುದು ಅಲ್ಲೇ. ‘ಕಲ್ಲು’ ಎಂಬುದನ್ನು ನಾವು ಕ, ಲ್ಲು ಎಂದು ಬರೆಯುತ್ತೇವೆ. ಬಾಯಿ ಹೇಳುವುದು ಕಲ್, ಲು ಎಂದು. ‘ಅಮ್ಮ’ ಬರಹದಲ್ಲಿ ಅ, ಮ್ಮ. ಬಾಯಲ್ಲಿ ಅಮ್, ಮ. ಕಿವಿಯ ತುಂಡು ಒಂದು ಕಡೆ ಮುರಿಯುತ್ತದೆ, ಬರಹದ ತುಂಡು ಇನ್ನೊಂದು ಕಡೆ. ಈ ಎರಡರ ನಡುವೆ ಸಿಕ್ಕಿಕೊಂಡ ಮಗು ‘ಅಮ’ ಎಂದು ಬರೆದು ಬಿಡುತ್ತದೆ, ನಾವು ಕೆಂಪು ಗೆರೆ ಎಳೆಯುತ್ತೇವೆ. ಚೆನ್ನೆಮಣೆಯ ಗುಳಿಗಳಲ್ಲಿ ಅ, ಮ್, ಮ್, ಅ ಎಂದು ನಾಲ್ಕು ಬೀಜ ಹಾಕಿಸಿ, ‘ನಡುವೆ ಎರಡು ಮ್ ಇದೆ, ನೀನು ಬರೆದದ್ದರಲ್ಲಿ ಒಂದೇ ಇದೆ, ಇನ್ನೊಂದು ಎಲ್ಲಿ?’ ಎಂದು ಕೇಳಿದರೆ ಮಗು ತಾನೇ ಒತ್ತು ಕೊಡುತ್ತದೆ. ‘ಸೂರ್ಯ’ದಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು: ‘ರ್’ ಕಿವಿಗೆ ಮೊದಲು ಬೀಳುತ್ತದೆ, ಅರ್ಕಾವೊತ್ತು ‘ಯ’ದ ಬಳಿಕ ಬರೆಯಲ್ಪಡುತ್ತದೆ. ಕಾಸರಗೋಡಿನ ಮಗು ಮಲಯಾಳವನ್ನೂ ಕಲಿಯುತ್ತದೆ, ಅಲ್ಲಿ ‘ಕೆ’ ಬರೆಯುವಾಗ ‘ಎ’ಕಾರದ ಚಿಹ್ನೆ ವ್ಯಂಜನದ ಎಡಗಡೆಗೆ ಬರುತ್ತದೆ. ಕೇಳುವ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು. ಕೇಳುವ ಕ್ರಮ ಗಟ್ಟಿಯಾಗಿದ್ದ ಮಗು ಎರಡೂ ಲಿಪಿಗಳಲ್ಲಿ ದಾರಿ ತಪ್ಪುವುದಿಲ್ಲ.

ನಮ್ಮ ನೆಲದ ಭಾಷೆಗಳ ವಿಷಯಕ್ಕೆ ಬರುತ್ತೇನೆ. ಇದನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ತರಗತಿಗೆ ಬಂದೊಡನೆ ಅದೇ ಸಮಸ್ಯೆಯಾಗುತ್ತದೆ: ‘ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಮದ್ರಸಾದಲ್ಲಿ ಇನ್ನೊಂದು, ಕನ್ನಡ ಎಲ್ಲಿಂದ ಬರಬೇಕು?’ ಧ್ವನಿಯ ಪಾಠದ ಮಟ್ಟಿಗಾದರೂ ಈ ದೂರು ತಲೆಕೆಳಗಾಗಬೇಕು. ಹೂವಿಗೆ ತುಳುವಿನಲ್ಲೂ ಮಲಯಾಳದಲ್ಲೂ ‘ಪೂ’. ಹತ್ತಕ್ಕೆ ಎರಡರಲ್ಲೂ ‘ಪತ್ತ್’. ಹಾಲು ಮಲಯಾಳದಲ್ಲಿ ‘ಪಾಲ್’. ಹುಲಿ ತುಳುವಿನಲ್ಲಿ ‘ಪಿಲಿ’. ಹಳಗನ್ನಡದಲ್ಲೂ ಇವು ಪಕಾರದಿಂದಲೇ ಇದ್ದವು, ಕಾಲಾಂತರದಲ್ಲಿ ಕನ್ನಡದಲ್ಲಿ ಹಕಾರವಾದವು. ‘ಹೂ’ ಮತ್ತು ‘ಪೂ’ ಎರಡನ್ನೂ ದಿನವೂ ಕೇಳುವ ಮಗುವಿಗೆ ‘ಊ’ ಹಾಗೆಯೇ ಉಳಿದು ಮೊದಲ ಧ್ವನಿ ಮಾತ್ರ ಬದಲಾಗುವುದನ್ನು ತೋರಿಸಲು ಬೇರೆ ಉದಾಹರಣೆ ಬೇಕೇ? ಕನ್ನಡದ ‘ಬಾಳೆ’ ತುಳುವಿನಲ್ಲಿ ‘ಬಾರೆ’. ಇಲ್ಲಿ ಮೊದಲ ಧ್ವನಿ ಉಳಿದು ನಡುವಿನದು ಬದಲಾಯಿತು. ಒಂದೇ ಭಾಷೆಯ ಊರಿನಲ್ಲಿ ಅಧ್ಯಾಪಕರು ಕಷ್ಟಪಟ್ಟು ಹುಡುಕಬೇಕಾದ ಪದಜೋಡಿಗಳು ನಮ್ಮ ಮಕ್ಕಳ ನಾಲಗೆಯ ಮೇಲೆಯೇ ಇವೆ. ತುಳು ಅಥವಾ ಮಲಯಾಳ ಮನೆಮಾತಿನ ಮಗು ‘ನೀರು’ ಎಂಬುದನ್ನು ‘ನೀರ್’ ಎಂದು ಬರೆದರೆ, ತನ್ನ ಮನೆಯಲ್ಲಿ ಕೇಳಿದ ಅರ್ಧ ಉಕಾರವನ್ನು ಪ್ರಾಮಾಣಿಕವಾಗಿ ಬರೆದಿದೆ ಎಂದು ತಿಳಿಯಿರಿ. ಕಿವಿ ಸರಿಯಾಗಿದೆ, ಕನ್ನಡದ ಬರಹದ ರೂಢಿಯನ್ನು ಹೇಳಿಕೊಟ್ಟರೆ ಸಾಕು.

ಇದೇ ಕಾರಣಕ್ಕೆ, ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ಮಕ್ಕಳ ಮುಂದೆ ನಿಲ್ಲಿಸುವುದರ ವಿರುದ್ಧ ಈ ಜಿಲ್ಲೆಯ ಜನ ಮತ್ತೆಮತ್ತೆ ಬೀದಿಗಿಳಿದದ್ದು ನ್ಯಾಯವಾದ ಹೋರಾಟ ಎಂದು ನಾನು ನಂಬುತ್ತೇನೆ. ಅದನ್ನು ಭಾಷಾಭಿಮಾನದ ಪ್ರಶ್ನೆ ಎಂದಷ್ಟೇ ನೋಡುವವರಿದ್ದಾರೆ. ಮಗುವಿನ ಬಾಯಲ್ಲಿ ಬಂದದ್ದು ತಪ್ಪೋ, ಮನೆಮಾತಿನ ನೆರಳೋ, ಅಥವಾ ಅಕ್ಷರದ ಒಳಹೊಕ್ಕ ಜಾಣತನವೋ ಎಂದು ಆ ಕ್ಷಣದಲ್ಲಿ ಗುರುತಿಸಲು ಆ ಭಾಷೆಯ ಕಿವಿಯುಳ್ಳ ಅಧ್ಯಾಪಕರೇ ಬೇಕು. ಒಂದನೇ ತರಗತಿಯಲ್ಲಿ ಇದಕ್ಕೆ ಪರ್ಯಾಯವಿಲ್ಲ.

ಇಂಗ್ಲಿಷಿನ ಚಿಂತೆ ರಕ್ಷಕರಲ್ಲಿದೆ, ನನಗೆ ಗೊತ್ತು. ಇಂಗ್ಲಿಷ್ ಓದಿಗೆ ಬಿಡಿ ಧ್ವನಿಯ ಅರಿವು ಕನ್ನಡಕ್ಕಿಂತಲೂ ಹೆಚ್ಚು ಬೇಕು. ‘ಕ್ಯಾಟ್’ ಎಂಬಲ್ಲಿ ಮೂರು ಧ್ವನಿಗಳಿವೆ ಎಂದು ಕೇಳಿಸದ ಮಗುವಿಗೆ ಸಿ, ಎ, ಟಿ ಎಂದು ನೂರು ಸಲ ಬರೆಸಿ ಫಲವಿಲ್ಲ. ಆದರೆ ಆ ಅರಿವನ್ನು ಇಂಗ್ಲಿಷಿನಲ್ಲೇ ಕಲಿಸಬೇಕೆಂದಿಲ್ಲ. ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಪ್ಯಾನಿಷಿನಲ್ಲಿ ಧ್ವನಿ ಬಿಡಿಸಬಲ್ಲ ಮಕ್ಕಳು ಇಂಗ್ಲಿಷ್ ಪದಗಳನ್ನೂ ಚೆನ್ನಾಗಿ ಓದಿದರು. ಕನ್ನಡದಲ್ಲಿ ಪಳಗಿದ ಕಿವಿ ಇಂಗ್ಲಿಷಿಗೂ ದುಡಿಯುತ್ತದೆ.

ಎಷ್ಟು ಹೊತ್ತು ಮಾಡಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಮಾಧಾನಕರವಾಗಿದೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 52 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ 2000ನೇ ಇಸವಿಯಲ್ಲಿ ವರದಿ ಕೊಟ್ಟಿತು. ಒಟ್ಟು 5ರಿಂದ 18 ಗಂಟೆಗಳ ಪಾಠ ಹೆಚ್ಚು ಫಲ ಕೊಟ್ಟಿತ್ತು. ಅದಕ್ಕಿಂತ ಉದ್ದವಾದ ಪಾಠದಿಂದ ಹೆಚ್ಚುವರಿ ಲಾಭವಾಗಲಿಲ್ಲ. ದಿನಕ್ಕೆ ಹತ್ತು ನಿಮಿಷದಂತೆ ಮಾಡಿಸಿದರೆ ಒಂದು ಶಾಲಾ ವರ್ಷದೊಳಗೆ ಆರಾಮವಾಗಿ ಮುಗಿಯುವ ಕೆಲಸ. ಚಿಕ್ಕ ಗುಂಪಿನಲ್ಲಿ ಮಾಡಿಸುವುದು ಉತ್ತಮ, ಒಮ್ಮೆಗೆ ಒಂದೆರಡು ಬಗೆಯ ಅಭ್ಯಾಸ ಸಾಕು, ಧ್ವನಿಯ ಜೊತೆಗೆ ಅಕ್ಷರವನ್ನೂ ತೋರಿಸಿದಾಗ ಫಲ ಹೆಚ್ಚು ಎಂದೂ ಆ ವರದಿ ಹೇಳುತ್ತದೆ. ಆದ್ದರಿಂದ ಬೀಜದ ಆಟ ಕೈಗೆ ಹಿಡಿದ ಮೇಲೆ ಗುಳಿಯ ಪಕ್ಕದಲ್ಲಿ ‘ಮ್’, ‘ಈ’ ಎಂದು ಬರೆದ ಚೀಟಿ ಇಡಿ, ಎರಡನ್ನೂ ಕೂಡಿಸಿ ‘ಮೀ’ ಬರೆಯಿಸಿ. ಬಿಡಿಸುವುದು ಬಂದ ಮೇಲೆ ಕಳೆಯುವ ಆಟ: ಕೇಳು ಎಂಬಲ್ಲಿ ‘ಕ್’ ಹೋದರೆ ಏಳು, ಬೆಲ್ಲದಲ್ಲಿ ‘ಬ್’ ಹೋದರೆ ಎಲ್ಲ, ಕೂಟದಲ್ಲಿ ‘ಕ್’ ಹೋದರೆ ಊಟ. ಖ, ಘ, ಛ ಮುಂತಾದ ಮಹಾಪ್ರಾಣಗಳನ್ನು ಈ ಹಂತದಲ್ಲಿ ಮುಟ್ಟಬೇಡಿ. ಮನೆಯಲ್ಲಿ ಯಾರೂ ಆಡದ ವ್ಯತ್ಯಾಸವನ್ನು ಐದರ ಮಗುವಿನಿಂದ ಕೇಳುವುದು ಅನ್ಯಾಯ.

ಎಷ್ಟು ಮಾಡಿಸಿದರೂ ‘ಸಾಲು’, ‘ಹಾಲು’ ಒಂದೇ ಎನ್ನುವ ಮಗು ಇದ್ದರೆ ಗದರಿಸುವ ಮೊದಲು ಕಿವಿ ತೋರಿಸಿ. ಮಳೆಗಾಲದುದ್ದಕ್ಕೂ ಶೀತ, ಕಿವಿಸೋರುವಿಕೆ ಇರುವ ಮಕ್ಕಳು ನಮ್ಮಲ್ಲಿ ಕಡಿಮೆಯೇನಲ್ಲ. ಅರ್ಧ ಕೇಳಿಸುವ ಕಿವಿಗೆ ‘ಸ್’ ಮತ್ತು ‘ಹ್’ ಬೇರೆ ಮಾಡುವುದು ಆಗದ ಮಾತು.

ಸಭೆಯ ಕೊನೆಗೆ ತಾಯಿಯೊಬ್ಬರು ಎದ್ದುನಿಂತು, ‘ನಮ್ಮ ಮನೆಯಲ್ಲಿ ಮಲಯಾಳ. ನನಗೆ ಕನ್ನಡ ಓದಲು ಬಾರದು. ಮಗಳು ಮಾತ್ರ ಕನ್ನಡ ಶಾಲೆಗೆ ಹೋಗುತ್ತಾಳೆ. ನಾನೇನು ಮಾಡಲಿ?’ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಅಮ್ಮಾ, ಈ ಪಾಠಕ್ಕೆ ನೀವು ಓದಬಲ್ಲವರಾಗಿರಬೇಕಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಭಾಷೆಯಲ್ಲೇ ಕೇಳಿ: ಪೂ, ಪೂಚ್ಚ (ಬೆಕ್ಕು), ಪಾಲ್, ಪತ್ತ್, ಈ ನಾಲ್ಕರಲ್ಲೂ ಮೊದಲು ಬರುವ ಧ್ವನಿ ಯಾವುದು? ಅವಳು ‘ಪ್’ ಎಂದರೆ, ‘ಪಾಲ್’ ಎಂಬುದಕ್ಕೆ ನಿನ್ನ ಶಾಲೆಯಲ್ಲಿ ಏನೆನ್ನುತ್ತಾರೆ, ಅಲ್ಲಿ ಮೊದಲ ಧ್ವನಿ ಯಾವುದು ಎಂದು ಕೇಳಿ. ಮೊದಲ ಪ್ರಶ್ನೆಗೆ ಅವಳು ‘ಪ್’ ಎನ್ನದೆ ‘ಪೂ’ ಎಂದೇ ಉತ್ತರಿಸಿದರೂ ಗಾಬರಿ ಬೇಡ. ತುಟಿ ಮುಚ್ಚಿ ತೋರಿಸಿ, ಇನ್ನೊಮ್ಮೆ ಹೇಳಿಸಿ. ಇನ್ನೆರಡು ವಾರ ಬಿಟ್ಟು ಮತ್ತೆ ಕೇಳಿ.